ಬರೀ ಹೊನ್ನಮ್ಮ

ರಾಜಾಜಿನಗರದ ಆ ಕಣ್ಣಾಸ್ಪತ್ರೆಯಲ್ಲಿ ಪ್ರತಿ ಸೋಮವಾರ ಬೆಳಿಗ್ಗೆ ಒಂದು ಪಟ್ಟಿ ಅಂಟಿಸುತ್ತಿದ್ದರು. ಪುಕ್ಕಟೆಯಾಗಿ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಹೆಸರು ಬರೆಸಿ ಕಾಯುತ್ತಿದ್ದವರಲ್ಲಿ ಎಲ್ಲರಿಗಿಂತ ಮೊದಲು ಬರೆಸಿದ ಮೂವತ್ತು ಜನರ ಪಟ್ಟಿ. ಅದರಲ್ಲಿ ಹೆಸರಿದ್ದವರನ್ನು ಕಾವಲುಗಾರ ಒಬ್ಬೊಬ್ಬರಾಗಿ ಕೂಗುತ್ತಿದ್ದ. ಮೂರು ಸಲ ಕೂಗಿದರೂ ಏಳದಿದ್ದರೆ ಅವರ ಸರದಿ ಮುಂದಿನ ವಾರಕ್ಕೆ ಹೋಗುತ್ತಿತ್ತು. ಈ ಪಟ್ಟಿಯನ್ನು ಕಂಪ್ಯೂಟರಿನಿಂದ ಹೊರಗೆ ತೆಗೆಯುವ ಕ್ವೆರಿಯನ್ನು, ಎಂದರೆ ಡೇಟಾಬೇಸಿಗೆ ಅದರದೇ ಭಾಷೆಯಲ್ಲಿ ಕೇಳುವ ಪ್ರಶ್ನೆಯನ್ನು, ಹಳೆಯ ಡೇಟಾಬೇಸಿನಿಂದ ಹೊಸದಕ್ಕೆ ಸಾಗಿಸಿದವಳು ನಾನು. ಆ ಎರಡು ತಿಂಗಳನ್ನು ನೆನೆಸಿಕೊಂಡರೆ ಇವತ್ತಿಗೂ ನನಗೆ ಹೇಸಿಗೆಯಾಗುತ್ತದೆ. ಅದರಲ್ಲಿ ಬೇರೆಯವರ ಪಾಲೆಷ್ಟು, ನನ್ನ ಪಾಲೆಷ್ಟು ಎಂಬುದನ್ನು ಮುಚ್ಚುಮರೆಯಿಲ್ಲದೆ ಬರೆಯುತ್ತೇನೆ.

ಎರಡು ಸಾವಿರದ ದಶಕದ ನಡುವಿನ ಮಾತು. ನಮ್ಮದು ಬಸವೇಶ್ವರನಗರದಲ್ಲಿ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿದ್ದ ಎಂಟು ಜನರ ಕಂಪನಿ. ಮಧ್ಯಾಹ್ನದ ಹೊತ್ತಿಗೆ ದಿಲ್‌ಪಸಂದ್ ಬೇಯುವ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು. ಆಸ್ಪತ್ರೆಯವರು ಹತ್ತು ವರ್ಷದಿಂದ ಬಳಸುತ್ತಿದ್ದ ದುಬಾರಿ ಡೇಟಾಬೇಸಿನ ಲೈಸೆನ್ಸನ್ನು ಇನ್ನು ನವೀಕರಿಸುವುದಿಲ್ಲ ಎಂದು ಆಸ್ಪತ್ರೆ ನಡೆಸುತ್ತಿದ್ದ ಟ್ರಸ್ಟ್ ತೀರ್ಮಾನಿಸಿತ್ತು. ಎಲ್ಲವನ್ನೂ ಉಚಿತವಾಗಿ ಸಿಗುವ ಇನ್ನೊಂದು ಡೇಟಾಬೇಸಿಗೆ ಸಾಗಿಸುವ ಕೆಲಸ ನಮಗೆ ಬಂತು. ಕೋಷ್ಟಕಗಳನ್ನು ಸಾಗಿಸುವುದು ಸುಲಭ, ಮನೆ ಬದಲಾಯಿಸುವಾಗ ಪಾತ್ರೆ ಪಗಡಿ ಸಾಗಿಸಿದ ಹಾಗೆ. ಕಷ್ಟ ಇರುವುದು ಕ್ವೆರಿಗಳಲ್ಲಿ. ಎರಡು ಡೇಟಾಬೇಸುಗಳೂ ಆಡುವುದು ಒಂದೇ ಭಾಷೆ ಎಂದು ಪುಸ್ತಕಗಳು ಹೇಳುತ್ತವೆ. ಹುಬ್ಬಳ್ಳಿಯವರೂ ಮಂಡ್ಯದವರೂ ಆಡುವುದು ಒಂದೇ ಕನ್ನಡ ಎಂದಷ್ಟೇ ಅದು ನಿಜ.

ನೂರಾ ಎಂಬತ್ತು ಚಿಲ್ಲರೆ ಕ್ವೆರಿಗಳಿದ್ದವು. ಒಂದು ಇನ್ನೂರು ಪುಟದ ನೋಟ್‌ಬುಕ್ ತೆಗೆದುಕೊಂಡು ಎಡಪುಟದಲ್ಲಿ ಹಳೆಯ ರೂಪ, ಬಲಪುಟದಲ್ಲಿ ಹೊಸ ರೂಪ ಎಂದು ಬರೆಯುತ್ತಾ ಹೋದೆ. ಖಾಲಿ ಇದ್ದರೆ ಬೇರೊಂದನ್ನು ಹಾಕು ಎನ್ನಲು ಹಳೆಯದರಲ್ಲಿ ಎನ್‌ವಿಎಲ್ ಎಂದಿದ್ದ ಕಡೆ ಹೊಸದರಲ್ಲಿ ಕೊಅಲೆಸ್. ಹೀಗಿದ್ದರೆ ಇದು, ಹಾಗಿದ್ದರೆ ಅದು ಎನ್ನಲು ಡೀಕೋಡ್ ಇದ್ದ ಕಡೆ ಕೇಸ್. ಎರಡು ಕೋಷ್ಟಕಗಳನ್ನು ಸಡಿಲವಾಗಿ ಜೋಡಿಸಲು ಹಳೆಯದರಲ್ಲಿ ಕಂಸದೊಳಗೆ ಒಂದು ಕೂಡಿಸುವ ಚಿಹ್ನೆ ಹಾಕಿದರೆ ಸಾಕಿತ್ತು. ಹೊಸದರಲ್ಲಿ ಲೆಫ್ಟ್ ಜಾಯಿನ್ ಎಂದು ಬಿಡಿಸಿ ಬರೆಯಬೇಕು. ಇವತ್ತಿನ ದಿನಾಂಕದಿಂದ ಹೆಸರು ಬರೆಸಿದ ದಿನಾಂಕ ಕಳೆದರೆ ಹಳೆಯದು ಕಾದ ದಿನಗಳನ್ನು ಒಂದು ಸಂಖ್ಯೆಯಾಗಿ ಕೊಡುತ್ತಿತ್ತು. ಹೊಸದು ದಿನ, ಗಂಟೆ, ನಿಮಿಷಗಳ ಉದ್ದನೆಯ ಬಾಲವನ್ನೇ ಕೊಡುತ್ತಿತ್ತು. ಮೊದಲ ಮೂವತ್ತು ಜನರನ್ನು ಆರಿಸುವ ಸಾಲನ್ನು ಹಳೆಯದರಲ್ಲಿ ಒಳಗೊಂದು ಹೊರಗೊಂದು ಎಂದು ಎರಡು ಕ್ವೆರಿ ಮಾಡಿ ಬರೆದಿದ್ದರು. ಹೊಸದರಲ್ಲಿ ಕೊನೆಗೆ ಲಿಮಿಟ್ ಮೂವತ್ತು ಎಂದರೆ ಮುಗಿಯಿತು. ದಿನಕ್ಕೆ ಹತ್ತು ಹನ್ನೆರಡು ಕ್ವೆರಿ ಸಾಗುತ್ತಿದ್ದವು. ನನಗೆ ಆ ಕೆಲಸ ಹಿಡಿಸಿತ್ತು. ಅದನ್ನೂ ಹೇಳಿಬಿಡಬೇಕು.

ಹೆಸರನ್ನೂ ಇನಿಶಿಯಲ್ಲನ್ನೂ ಕೂಡಿಸುವ ಕಡೆ ಹಳೆಯ ಕ್ವೆರಿಗಳಲ್ಲಿ ಎರಡು ನಿಂತ ಗೀಟುಗಳಿದ್ದವು. ಹೊಸದರಲ್ಲೂ ಅದಕ್ಕೆ ಎರಡು ನಿಂತ ಗೀಟುಗಳೇ. ಎಡಪುಟಕ್ಕೂ ಬಲಪುಟಕ್ಕೂ ವ್ಯತ್ಯಾಸವಿಲ್ಲವೆಂದು ಅದನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆಯಲೇ ಇಲ್ಲ.

ಈ ನಡುವೆ ಡೇಟಾಬೇಸನ್ನು ನೋಡಲು, ನಡೆಸಲು ಒಂದು ಟೂಲ್ ಆರಿಸಬೇಕಾಗಿ ಬಂತು. ಡೇಟಾಬೇಸಿನ ಜೊತೆಗೇ ಬರುವ ಕಪ್ಪು ಪರದೆಯ ಒಂದು ಟೂಲ್ ಇತ್ತು. ಅದರಲ್ಲಿ ಎಲ್ಲವನ್ನೂ ಕೈಯಾರೆ ಟೈಪ್ ಮಾಡಬೇಕು. ನನಗೆ ಅದು ಸಾಕಾಗಿತ್ತು. ನಾಲ್ಕು ಬೇರೆ ಟೂಲುಗಳನ್ನು ತಂದು ಹಾಕಿ, ದೊಡ್ಡ ಕೋಷ್ಟಕ ತೆರೆದರೆ ಯಾವುದು ನಿಂತುಹೋಗುತ್ತದೆ, ಕ್ವೆರಿ ತಪ್ಪಿದರೆ ಯಾವುದು ಸಾಲಿನ ಸಂಖ್ಯೆ ತೋರಿಸುತ್ತದೆ ಎಂದೆಲ್ಲ ಪರೀಕ್ಷಿಸಿ ಮೂರು ಪುಟದ ವರದಿ ಬರೆದುಕೊಟ್ಟೆ. ನಮ್ಮ ಬಾಸ್ ಅದನ್ನು ಓದಿದ ಹಾಗೆ ಕಾಣಲಿಲ್ಲ. ಅವರು ಒಂದು ಹೋಟೆಲಿನಲ್ಲಿ ನಡೆದ ಪ್ರದರ್ಶನಕ್ಕೆ ಹೋಗಿ ಊಟ ಮಾಡಿ, ಹೆಗಲ ಮೇಲೆ ಹೊಸದೊಂದು ಚೀಲ ತಗುಲಿಸಿಕೊಂಡು ಬಂದರು. ಚೀಲದ ಮೇಲೆ ಒಂದು ಟೂಲಿನ ಹೆಸರಿತ್ತು. ಮಾರನೇ ದಿನದಿಂದ ಅದೇ ನಮ್ಮ ಟೂಲ್ ಆಯಿತು. ನನ್ನ ವರದಿಯಲ್ಲಿ ಅದು ನಾಲ್ಕನೆಯ ಸ್ಥಾನದಲ್ಲಿತ್ತು. ಪರದೆ ತುಂಬಾ ಬಣ್ಣಬಣ್ಣದ ಚಿತ್ರಗಳು. ಮೌಸಿನ ಬಲಗುಂಡಿ ಒತ್ತಿದರೆ ಸಾಕು, ಒಂದೇ ಏಟಿಗೆ ಸಾವಿರ ಸಾಲು ಬದಲಾಯಿಸಬಹುದಿತ್ತು. ಆಸ್ಪತ್ರೆಯ ಆಡಳಿತಾಧಿಕಾರಿಗೆ ತೋರಿಸಿದಾಗ ಅವರಿಗೂ ತುಂಬಾ ಹಿಡಿಸಿತು. ಅವರಿಗೆ ಅದರಿಂದ ಏನು ಕೆಲಸ ಎಂದು ನಾನು ಕೇಳಲಿಲ್ಲ.

ಸಾಗಣೆ ಮುಗಿದ ಶನಿವಾರ ಎರಡೂ ಕಡೆಯ ಕೋಷ್ಟಕಗಳ ಸಾಲುಗಳನ್ನು ಎಣಿಸಿ ಹೋಲಿಸಿದೆ. ರೋಗಿಗಳು, ತಪಾಸಣೆಗಳು, ಶಸ್ತ್ರಚಿಕಿತ್ಸೆಗಳು ಎಲ್ಲವೂ ಒಂದೂ ಹೆಚ್ಚುಕಡಿಮೆಯಿಲ್ಲದೆ ತಾಳೆಯಾದವು. ನಿಶ್ಚಿಂತೆಯಿಂದ ಮನೆಗೆ ಹೋದೆ.

ಸೋಮವಾರ ಆಫೀಸಿಗೆ ಬಂದು ಕೂರುವಷ್ಟರಲ್ಲಿ ಆಡಳಿತಾಧಿಕಾರಿಯ ಫೋನ್ ಬಂತು. ಅವರು ನಿವೃತ್ತ ಅಧಿಕಾರಿ, ಕಾಗದದ ಅಂಚು ನೇರವಿಲ್ಲದಿದ್ದರೂ ಸಹಿಸದವರು. "ಏನಮ್ಮಾ ಇದು, ಲಿಸ್ಟು ಹಲ್ಲು ಬಿದ್ದ ಬಾಯಿ ಥರ ಬಂದಿದೆ" ಎಂದರು. ಮೂವತ್ತರಲ್ಲಿ ಆರು ಕಡೆ ಬರೀ ಕ್ರಮಸಂಖ್ಯೆ ಬಂದು ಮುಂದಿನ ಸಾಲು ಖಾಲಿ ಇತ್ತು. ಹತ್ತು ಗಂಟೆಗೆ ಅಂಟಿಸಬೇಕು, ಟ್ರಸ್ಟಿಗಳು ಬರುವವರಿದ್ದಾರೆ, ನೋಡೋಕೆ ಅಸಹ್ಯವಾಗಿದೆ ಎಂದು ಒಂದೇ ಸಮ ಹೇಳಿದರು.

ಆಗ ನಾನು ಮಾಡಿದ್ದು ಇಷ್ಟು. ಕ್ವೆರಿ ತೆರೆದು, ಸಾಲಿನಲ್ಲಿ ಏನೂ ಇಲ್ಲದಿದ್ದರೆ, ಡೇಟಾಬೇಸಿನ ಭಾಷೆಯಲ್ಲಿ ಅದು ನಲ್ ಆಗಿದ್ದರೆ, ಬಿಟ್ಟುಬಿಡು ಎಂಬ ಒಂದು ಷರತ್ತು ಸೇರಿಸಿದೆ. ಖಾಲಿ ಸಾಲುಗಳು ಹೋದವು, ಅವುಗಳ ಜಾಗಕ್ಕೆ ಕೆಳಗಿನ ಆರು ಜನ ಮೇಲೆ ಬಂದರು, ಪಟ್ಟಿಯಲ್ಲಿ ಮತ್ತೆ ಸರಿಯಾಗಿ ಮೂವತ್ತು ಹೆಸರು. ಐದು ನಿಮಿಷವೂ ಹಿಡಿಯಲಿಲ್ಲ. ಖಾಲಿ ಯಾಕೆ ಬಂತು ಎಂದು ನಾನು ಕೇಳಿಕೊಳ್ಳಲಿಲ್ಲ. ಹಳೆಯ ಕಸ ಏನೋ ಇರಬೇಕು ಅಂದುಕೊಂಡೆ. ಆಡಳಿತಾಧಿಕಾರಿ ಬಾಸ್‌ಗೆ ಫೋನ್ ಮಾಡಿ ನನ್ನನ್ನು ಹೊಗಳಿದರಂತೆ. ಬಾಸ್ ಕೆಳಗಿನ ಬೇಕರಿಯಿಂದ ಎಲ್ಲರಿಗೂ ಪಫ್ ತರಿಸಿದರು. ನಾನೂ ತಿಂದೆ.

ಎಂಟನೆಯ ವಾರ ಪಟ್ಟಿಯ ಎಡ ಅಂಚು ಕತ್ತರಿಸಿಹೋಗುತ್ತಿದೆ, ಪ್ರಿಂಟರ್ ನೋಡಬೇಕು ಎಂದು ಆಸ್ಪತ್ರೆಗೆ ಕರೆದರು. ಸೋಮವಾರವೇ ಹೋದೆ. ಕಾಯುವ ಜಾಗದಲ್ಲಿ ಪಟ್ಟಿಯ ಮುಂದೆ ಗುಂಪು ಕರಗಿತ್ತು. ಒಬ್ಬಾಕೆ ಮುದುಕಿ ಮಾತ್ರ ಪಟ್ಟಿಗೆ ಮುಖ ಮಾಡಿ ನಿಂತಿದ್ದಳು. ಓದುತ್ತಿರಲಿಲ್ಲ, ಸುಮ್ಮನೆ ನಿಂತಿದ್ದಳು. ಗದಗಿನ ಕಡೆಯ ಕಾವಲುಗಾರ ಅವಳ ಪಕ್ಕಕ್ಕೆ ಬಂದು ಮೆತ್ತಗೆ ಹೇಳಿದ.

"ಯವ್ವಾ, ಇವತ್ತೂ ನಿನ್ನ ಹೆಸರು ಬಂದಿಲ್ಲ ನೋಡು. ಬರೂ ಸೋಮವಾರ ಬಾ."

ಆಕೆ ತಿರುಗಿದಳು. ನನ್ನ ಕುತ್ತಿಗೆಯಲ್ಲಿದ್ದ ಗುರುತಿನ ಚೀಟಿಯ ದಾರ ಮಸುಕಾಗಿ ಕಂಡಿರಬೇಕು, ಆಸ್ಪತ್ರೆಯವಳೆಂದುಕೊಂಡು ಸೆರಗಿನ ಗಂಟಿನಿಂದ ಒಂದು ಚೀಟಿ ತೆಗೆದು ನನ್ನ ಮುಂದೆ ಹಿಡಿದಳು. ಬೆರಳುಗಳಿಗೆ ಕಪ್ಪು ಹತ್ತಿತ್ತು, ಊದುಬತ್ತಿಯ ವಾಸನೆ. ಎಡಗಣ್ಣಿನ ಪಾಪೆ ಪೂರ್ತಿ ಬೆಳ್ಳಗಿತ್ತು. ಚೀಟಿಯಲ್ಲಿದ್ದ ಹೆಸರು ಹೊನ್ನಮ್ಮ, ಬಾಪೂಜಿ ನಗರ. ಬಾಯಿಮಾತಿಗೆಂದು, ಅಜ್ಜಿ ಏನು ಕೆಲಸ ಮಾಡ್ತೀರಿ ಎಂದು ಕೇಳಿದೆ.

"ಊದುಬತ್ತಿ ಹೊಸೀತೀನಿ ಕಣವ್ವ. ಹೊಸೆಯಾಕೆ ಕಣ್ಣು ಬೇಡ, ಕೈಗೆ ಗೊತ್ತು. ಕಟ್ಟು ಕೊಟ್ಟು ಬರಾಕೆ ಮೈಸೂರು ರೋಡು ದಾಟಬೇಕಲ್ಲ, ಅದಕ್ಕೆ ಬೇಕು."

ಚೀಟಿಯ ಮೇಲಿನ ನೋಂದಣಿ ಸಂಖ್ಯೆ ನೋಡಿದೆ. ಗೋಡೆಯ ಪಟ್ಟಿಯಲ್ಲಿ ಪ್ರತಿ ಹೆಸರಿನ ಸಾಲಿನಲ್ಲೂ ನೋಂದಣಿ ಸಂಖ್ಯೆ ಇತ್ತು. ಮೂವತ್ತಕ್ಕೆ ಮೂವತ್ತೂ ಅವಳ ಸಂಖ್ಯೆಗಿಂತ ದೊಡ್ಡವು. ಅವಳ ನಂತರ ಬರೆಸಿದವರೆಲ್ಲ ಒಳಗೆ ಹೋಗಿ ಕಣ್ಣು ಮಾಡಿಸಿಕೊಂಡು ಬರುತ್ತಿದ್ದರು. ಎಷ್ಟು ಸೋಮವಾರದಿಂದ ಬರುತ್ತಿದ್ದೀರಿ ಎಂದರೆ ಬೆರಳು ಮಡಿಸುತ್ತಾ ಎಂಟಕ್ಕೆ ನಿಲ್ಲಿಸಿದಳು. ಹೊಸ ಡೇಟಾಬೇಸಿಗೂ ಅದು ಎಂಟನೆಯ ಸೋಮವಾರ.

ಪ್ರಿಂಟರನ್ನು ಹಾಗೇ ಬಿಟ್ಟು ಆಫೀಸಿಗೆ ಬಂದೆ. ಬಣ್ಣದ ಟೂಲಿನಲ್ಲಿ ರೋಗಿಗಳ ಕೋಷ್ಟಕ ತೆರೆದು ಹುಡುಕಿದೆ. ಹೊನ್ನಮ್ಮ ಇದ್ದಳು. ಹೆಸರಿತ್ತು, ವಯಸ್ಸಿತ್ತು, ಬಡಾವಣೆಯಿತ್ತು, ಸ್ಥಿತಿ 'ಕಾಯುತ್ತಿದ್ದಾರೆ' ಎಂದಿತ್ತು. ಇನಿಶಿಯಲ್ಲಿನ ಚೌಕ ಒಂದು ಮಾತ್ರ ಖಾಲಿ. ಅನುಮಾನ ಬಂತು. ಪರೀಕ್ಷೆಗೆಂದು ಇನಿಶಿಯಲ್ ಇಲ್ಲದ ಒಬ್ಬ ಲಕ್ಷ್ಮಮ್ಮನನ್ನು ನೋಂದಣಿಯ ಪರದೆಯಲ್ಲಿ ನಾನೇ ಸೇರಿಸಿ, ಹಳೆಯ ದಿನಾಂಕ ಹಾಕಿ ಪಟ್ಟಿ ತೆಗೆದೆ. ಲಕ್ಷ್ಮಮ್ಮ ಲಕ್ಷಣವಾಗಿ ಮೊದಲನೆಯ ಸಾಲಿನಲ್ಲೇ ಬಂದಳು. ಟೂಲಿನಲ್ಲಿ ನೋಡಿದರೆ ಇಬ್ಬರ ಇನಿಶಿಯಲ್ ಚೌಕವೂ ಒಂದೇ ಥರ ಖಾಲಿ. ಹಾಗಾದರೆ ತಪ್ಪು ಇನಿಶಿಯಲ್ಲಿನದಲ್ಲ ಎಂದುಕೊಂಡೆ.

ಎರಡು ದಿನ ತಪ್ಪು ಜಾಗದಲ್ಲಿ ಅಗೆದೆ. ದಿನಾಂಕ ಅದಲುಬದಲಾಗಿದೆಯೇ ಎಂದು ನೋಡಿದೆ. ಸ್ಥಿತಿಯ ಅಕ್ಷರದ ಹಿಂದೆ ಕಾಣದ ಜಾಗವೇನಾದರೂ ಸೇರಿಕೊಂಡಿದೆಯೇ ಎಂದು ಉದ್ದ ಅಳೆದೆ. ವಯಸ್ಸು, ಬಡಾವಣೆ, ವೈದ್ಯರ ಸಂಕೇತ, ಒಂದೊಂದನ್ನೇ ತೆಗೆದು ಹಾಕಿ ಮಾಡಿದೆ. ಬಾಸ್ ಹಿಂದೆ ಬಂದು ನಿಂತು, ಕೌಂಟರಿನವರು ಏನೋ ತಪ್ಪು ಎಂಟ್ರಿ ಮಾಡಿರುತ್ತಾರೆ, ಒಬ್ಬ ಮುದುಕಿಗೋಸ್ಕರ ಎಷ್ಟು ದಿನ ಕೂರುತ್ತೀರಿ ಎಂದರು. ಕೆಲಸ ತೃಪ್ತಿಕರವಾಗಿ ಮುಗಿದಿದೆ ಎಂಬ ಪತ್ರ ಆಸ್ಪತ್ರೆಯಿಂದ ಆ ವಾರ ಬರುವುದಿತ್ತು. ಅವರ ಚಿಂತೆಯೆಲ್ಲ ಅದರ ಮೇಲೆ.

ಬುಧವಾರ ಮಧ್ಯಾಹ್ನ ಬಣ್ಣದ ಟೂಲ್ ಎಂದಿನಂತೆ ಸ್ತಬ್ಧವಾಯಿತು. ಬೈದುಕೊಂಡು ಕಪ್ಪು ಪರದೆ ತೆರೆದೆ. ಅದರಲ್ಲಿ ನಾನು ಬಹಳ ಹಿಂದೆ ಒಂದು ಏರ್ಪಾಡು ಮಾಡಿಟ್ಟಿದ್ದೆ. ನಲ್ ಇರುವ ಕಡೆ ಒಂದು ಪ್ರಶ್ನಾರ್ಥಕ ಚಿಹ್ನೆ ಕಾಣಿಸಲಿ ಎಂದು. ಮಾಡಿದ್ದೇ ಮರೆತುಹೋಗಿತ್ತು. ಹೊನ್ನಮ್ಮನನ್ನೂ ಲಕ್ಷ್ಮಮ್ಮನನ್ನೂ ಒಟ್ಟಿಗೆ ಕರೆದೆ. ಲಕ್ಷ್ಮಮ್ಮನ ಇನಿಶಿಯಲ್ ಖಾಲಿ ಬಂತು. ಹೊನ್ನಮ್ಮನದರಲ್ಲಿ ಪ್ರಶ್ನಾರ್ಥಕ ಚಿಹ್ನೆ ಬಂತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬಟ್ಟಲು ಖಾಲಿ ಇರುವುದು ಬೇರೆ, ಬಟ್ಟಲೇ ಇಲ್ಲದಿರುವುದು ಬೇರೆ. ಮೊದಲನೆಯದು ಖಾಲಿ ಪದ, ಎರಡನೆಯದು ನಲ್. ಹಳೆಯ ಡೇಟಾಬೇಸ್ ಇವೆರಡಕ್ಕೂ ಭೇದ ಮಾಡುತ್ತಿರಲಿಲ್ಲ, ಖಾಲಿ ಬಂದರೂ ನಲ್ ಎಂದೇ ಇಟ್ಟುಕೊಳ್ಳುತ್ತಿತ್ತು. ಆದರೆ ಎರಡು ನಿಂತ ಗೀಟಿನಿಂದ ನಲ್ ಜೊತೆ ಹೆಸರು ಕೂಡಿಸಿದರೆ ಹೆಸರನ್ನು ಹಾಗೇ ಉಳಿಸಿಕೊಡುತ್ತಿತ್ತು. ಹೊಸದು ಶಿಸ್ತಿನದು. ಇಲ್ಲದ್ದರ ಜೊತೆ ಏನನ್ನು ಕೂಡಿಸಿದರೂ ಇಲ್ಲವೇ ಎನ್ನುತ್ತದೆ. ಪಟ್ಟಿಯ ಸಾಲು ಇನಿಶಿಯಲ್, ಹೆಸರು, ವಯಸ್ಸು, ಬಡಾವಣೆ, ಸಂಖ್ಯೆ ಎಲ್ಲವನ್ನೂ ಒಂದಕ್ಕೊಂದು ಅಂಟಿಸಿ ಮಾಡಿದ್ದು. ಮೊದಲನೆಯದು ನಲ್ ಆದರೆ ಇಡೀ ಸಾಲು ನಲ್. ಹೊಸ ನೋಂದಣಿ ಪರದೆಯಲ್ಲಿ ಬರೆಸಿದವರಿಗೆ ಖಾಲಿ ಬಟ್ಟಲಾದರೂ ಸಿಗುತ್ತಿತ್ತು, ಸರದಿ ಬಂದರೆ ಅವರು ಪಟ್ಟಿಯಲ್ಲಿ ಬರುತ್ತಾರೆ. ಇನಿಶಿಯಲ್ ಇಲ್ಲದೆ ಹಳೆಯದರಿಂದ ಬಂದವರು, ಎಂದರೆ ಎಲ್ಲರಿಗಿಂತ ಮೊದಲಿನಿಂದ ಕಾಯುತ್ತಿದ್ದವರು ಅಳಿಸಿಹೋಗುತ್ತಿದ್ದರು. ಬಣ್ಣದ ಟೂಲ್ ಎರಡನ್ನೂ ಒಂದೇ ಬಿಳಿ ಚೌಕವಾಗಿ ತೋರಿಸಿ ನನ್ನ ಕಣ್ಣಿಗೂ ಪೊರೆ ಬರಿಸಿತ್ತು. ಹೀಗೆಂದು ಅದರ ಮೇಲೆ ಹಾಕಿ ಕೈತೊಳೆದುಕೊಳ್ಳುವಂತಿಲ್ಲ. ಆ ಆರು ಖಾಲಿ ಸಾಲುಗಳು ಮೊದಲ ಸೋಮವಾರವೇ ಕಾಗದದ ಮೇಲೆ ಬಂದು ನಿಂತಿದ್ದವು. ಅವನ್ನು ಒರೆಸಿಹಾಕಿದವಳು ನಾನು.

ಹೀಗೆ ಮರೆಯಾದವರನ್ನೆಲ್ಲ ತೆಗೆದೆ. ನಲವತ್ತೊಂದು ಹೆಸರು. ಸಿದ್ದಮ್ಮ, ಮುನಿಯಮ್ಮ, ಕೆಂಪಮ್ಮ, ಪುಟ್ಟತಾಯಮ್ಮ, ಚಿಕ್ಕಣ್ಣ. ಮೂವರೋ ನಾಲ್ವರೋ ಗಂಡಸರು, ಉಳಿದವರೆಲ್ಲ ಹೆಂಗಸರು. ನಮ್ಮ ಕಡೆ ಇನಿಶಿಯಲ್ ಬರುವುದು ಶಾಲೆಗೆ ಸೇರಿಸುವ ದಿನ. ಊರಿನ ಒಂದು ಅಕ್ಷರ, ಅಪ್ಪನ ಒಂದು ಅಕ್ಷರ, ಮೇಷ್ಟರು ರಿಜಿಸ್ಟರಿನಲ್ಲಿ ಬರೆದರೆ ಜೀವನವಿಡೀ ಅದೇ. ನನಗೂ ಹಾಗೆ ಎರಡಿವೆ. ಉತ್ತರ ಕರ್ನಾಟಕದವರಿಗೆ ಅಡ್ಡಹೆಸರಿದೆ. ಅದನ್ನು ಕೌಂಟರಿನವರು ಇನಿಶಿಯಲ್ಲಿನ ಚೌಕದಲ್ಲೇ ತುರುಕುತ್ತಿದ್ದರು, ಹಿಡಿಸಿದಷ್ಟು ಅಕ್ಷರ ಉಳಿದು ಬಾಕಿ ಕತ್ತರಿಸಿಹೋಗುತ್ತಿದ್ದವು, ಆದರೂ ಅವರು ಪಟ್ಟಿಯಲ್ಲಿ ಬರುತ್ತಿದ್ದರು. ಶಾಲೆಯ ಮೆಟ್ಟಿಲು ಹತ್ತದವರಿಗೆ, ಎಲ್ಲೂ ರುಜು ಹಾಕದವರಿಗೆ ಮಾತ್ರ ಹೆಸರಿನ ಹಿಂದೆ ಮುಂದೆ ಏನೂ ಇಲ್ಲ. ನಾನು ಬರೆದ ಷರತ್ತು ಅವರನ್ನೇ ಹುಡುಕಿ ಹುಡುಕಿ ಹೊರಗಿಟ್ಟಿತ್ತು. ಎಂಟು ವಾರ ಅವರಲ್ಲಿ ಒಬ್ಬರೂ ಜಗಳವಾಡಿರಲಿಲ್ಲ. ಇನ್ನೂ ಬಂದಿಲ್ಲ ಎಂದರೆ ಬಂದಿಲ್ಲ ಎಂದುಕೊಂಡು ಹೋಗಿದ್ದರು.

ಗುರುವಾರ ಬಾಸ್ ಜೊತೆ ಆಸ್ಪತ್ರೆಗೆ ಹೋಗಿ ಆಡಳಿತಾಧಿಕಾರಿಯ ಮುಂದೆ ಹೆಸರುಗಳ ಹಾಳೆ ಇಟ್ಟೆ. ಅವರು ಮೇಲಿಂದ ಕೆಳಗೆ ಒಂದು ಸಲ ನೋಡಿ, ಈ ಕಾಲದಲ್ಲೂ ಇನಿಶಿಯಲ್ ಇಲ್ಲದವರು ಇದ್ದಾರಾ ಎಂದು ನಕ್ಕರು. ಬಾಸ್ ಕೂಡ ನಕ್ಕರು. ಆಮೇಲೆ ಆಡಳಿತಾಧಿಕಾರಿ ತಮ್ಮ ಪರಿಹಾರ ಹೇಳಿದರು.

"ಇದನ್ನ ದೊಡ್ಡದು ಮಾಡೋದು ಬೇಡ. ಬಂದು ಕೇಳಿದವರಿಗೆ ಹೊಸದಾಗಿ ರಿಜಿಸ್ಟರ್ ಮಾಡಿಸಿಕೊಳ್ಳೋಕೆ ಹೇಳೋಣ. ಹೊಸಬರ ಹೆಸರು ಬರುತ್ತೆ ಅಂತ ನೀವೇ ಹೇಳ್ತಿದ್ದೀರಲ್ಲ."

ಹೊಸದಾಗಿ ಬರೆಸಿದರೆ ಅವರು ಸಾಲಿನ ಕೊನೆಗೆ ಹೋಗುತ್ತಾರೆ, ಮತ್ತೆ ಐದಾರು ತಿಂಗಳು ಎಂದೆ. ಅಷ್ಟು ದಿನ ಕಾದಿದ್ದಾರೆ, ಇನ್ನಷ್ಟು ಕಾಯುತ್ತಾರೆ ಬಿಡಿ ಎಂದರು. ಅದನ್ನು ಅವರು ಕೆಟ್ಟವರ ಹಾಗೆ ಹೇಳಲಿಲ್ಲ, ಚಹಾ ತರಿಸುತ್ತಾ ಹೇಳಿದರು. ನನಗೆ ಹೇಸಿಗೆಯಾದದ್ದು ಅದಕ್ಕೇ. ಬಾಸ್ ತಲೆಯಾಡಿಸುತ್ತಾ, ಸರ್ ಹೇಳೋದು ಪ್ರಾಕ್ಟಿಕಲ್ ಎಂದರು. ನನ್ನ ಕೆಲಸ ಹೋಗಬಹುದು ಎಂಬುದು ತಲೆಗೆ ಬಂತು. ಪಫ್ ತಿಂದ ಬಾಯಿ ಎಂಬುದೂ ಬಂತು. ಹಾಳೆ ಎತ್ತಿಕೊಂಡು, ಪ್ರಿಂಟರ್ ನೋಡಿ ಬರುತ್ತೇನೆಂದು ಸುಳ್ಳು ಹೇಳಿ, ಮೇಲಿನ ಮಹಡಿಗೆ ಹೋಗಿ ಮುಖ್ಯ ವೈದ್ಯೆಯ ಬಾಗಿಲ ಮುಂದೆ ನಿಂತೆ.

ವೈದ್ಯೆ ಹೆಚ್ಚು ಮಾತನಾಡುವವರಲ್ಲ. ನಾನು ಹೇಳಿದ್ದನ್ನೆಲ್ಲ ಕೇಳಿ, ಇವರೆಲ್ಲರ ಕಡತ ತರಿಸಿ ಒಂದೊಂದಾಗಿ ನೋಡಿ, ಎಂಟು ಹೆಸರಿಗೆ ಕೆಂಪು ಗುರುತು ಹಾಕಿದರು. ಪೊರೆ ಪೂರ್ತಿ ಮಾಗಿ, ಒಳಗೆ ಒತ್ತಡ ಏರುವ ಅಪಾಯ ಇದ್ದವರು. ಒಮ್ಮೆ ಒತ್ತಡಕ್ಕೆ ನರ ಹೋದರೆ ಆಮೇಲೆ ಪೊರೆ ತೆಗೆದರೂ ಬೆಳಕು ಬರುವುದಿಲ್ಲ ಎಂದು ನನಗೆ ಅರ್ಥವಾಗುವ ಹಾಗೆ ಹೇಳಿದರು. ಹೊನ್ನಮ್ಮನ ಹೆಸರಿಗೂ ಕೆಂಪು ಗುರುತು ಬಿದ್ದಿತ್ತು. ನಲವತ್ತೊಂದೂ ಜನ ಮುಂದಿನ ಎರಡು ಸೋಮವಾರದ ಪಟ್ಟಿಯಲ್ಲಿ ಮೊದಲು ಬರಬೇಕು ಎಂದು ಚೀಟಿ ಬರೆದು ಕೆಳಗೆ ಕಳಿಸಿದರು.

ಶುಕ್ರವಾರ ಬೆಳಿಗ್ಗೆ ನನ್ನ ಸ್ಕೂಟಿಯಲ್ಲಿ ಬಾಪೂಜಿ ನಗರಕ್ಕೆ ಹೋದೆ. ವಿಜಯನಗರದ ನಮ್ಮ ಮನೆಯಿಂದ ಅದೇನೂ ದೂರವಲ್ಲ. ಹೊನ್ನಮ್ಮ ಮಗಳ ಮನೆಯ ಜಗಲಿಯಲ್ಲಿ ಹಲಗೆ ಇಟ್ಟುಕೊಂಡು ಊದುಬತ್ತಿ ಹೊಸೆಯುತ್ತಿದ್ದಳು. ಮಾತನಾಡುತ್ತಿದ್ದರೂ ಕೈ ನಿಲ್ಲುತ್ತಿರಲಿಲ್ಲ. ಹಿಂದೆ ಕೂರಿಸಿಕೊಂಡು ಆಸ್ಪತ್ರೆಗೆ ಕರೆತಂದೆ. ವೈದ್ಯೆ ದೀಪ ಹಿಡಿದು ಎರಡೂ ಕಣ್ಣು ನೋಡಿದರು. ಎಡಗಣ್ಣಿನ ಮುಂದೆ ದೀಪ ಆಡಿಸಿದರೆ ದೀಪ ಎಲ್ಲಿದೆ ಎಂದು ಹೊನ್ನಮ್ಮನಿಗೆ ಹೇಳಲಾಗಲಿಲ್ಲ.

"ಯಾಕಜ್ಜಿ ಇಷ್ಟು ತಡ ಮಾಡಿದ್ರಿ?" ಎಂದು ವೈದ್ಯೆ ಅಭ್ಯಾಸಬಲದಿಂದ ಕೇಳಿಬಿಟ್ಟರು.

"ನಾನೆಲ್ಲಿ ತಡ ಮಾಡ್ದೆ ತಾಯಿ, ಸೋಮ್‌ಸೋಮವಾರನೂ ಬಂದೆ" ಎಂದಳು ಹೊನ್ನಮ್ಮ.

ವೈದ್ಯೆ ನನ್ನ ಕಡೆ ನೋಡಿದರು. ಎಡಗಣ್ಣು ಹೋಗಿದೆ, ಬಲಗಣ್ಣು ಈ ಸೋಮವಾರ ಮಾಡಲೇಬೇಕು, ತಪ್ಪಿಸಬೇಡಿ ಎಂದು ಹೇಳಿ ಕಳಿಸಿದರು. ಬಾಗಿಲ ಹೊರಗೆ ಹೊನ್ನಮ್ಮ ನನ್ನ ಕೈ ಹಿಡಿದುಕೊಂಡು, ಈ ಸಲ ಹೆಸರು ಬರ್ತದಾ ಎಂದು ಕೇಳಿದಳು. ಮೊದಲನೇ ಹೆಸರೇ ನಿಮ್ಮದು ಎಂದು ಮಾತು ಕೊಟ್ಟೆ.

ಆಫೀಸಿಗೆ ಬಂದು ಎರಡು ನಿಂತ ಗೀಟುಗಳಿದ್ದ ಕ್ವೆರಿಗಳನ್ನು ಹುಡುಕಿ ಎಣಿಸಿದೆ, ಮೂವತ್ತನಾಲ್ಕು. ಒಂದೊಂದರಲ್ಲೂ ನಲ್ ಇದ್ದರೆ ಖಾಲಿ ಎಂದುಕೋ ಎಂದು ಬರೆಯಬೇಕು, ನಾನು ಸೇರಿಸಿದ್ದ ಷರತ್ತು ಕಿತ್ತುಹಾಕಬೇಕು, ಹಳೆಯ ಪಟ್ಟಿಯ ಜೊತೆ ಸಾಲುಸಾಲಾಗಿ ಹೋಲಿಸಬೇಕು. ಈ ಸಲ ಸಾಲು ಎಣಿಸಿ ಬಿಡುವುದಿಲ್ಲ, ಓದಿ ನೋಡುತ್ತೇನೆ ಎಂದು ಹಟ ತೊಟ್ಟೆ. ಮೊದಲು ಪರೀಕ್ಷೆಯ ಲಕ್ಷ್ಮಮ್ಮನನ್ನು ಅಳಿಸಿ, ಸೋಮವಾರದ ಪಟ್ಟಿಯ ಕ್ವೆರಿಯನ್ನು ಸರಿಮಾಡಿ ನೋಡಿದೆ. ಹೊನ್ನಮ್ಮನ ಹೆಸರು ಮೊದಲನೆಯ ಸಾಲಿನಲ್ಲಿ ಬಂತು, ಇನಿಶಿಯಲ್ಲಿನ ಜಾಗ ಬಿಟ್ಟು ಒಂದಕ್ಷರದಷ್ಟು ಬಲಕ್ಕೆ ಸರಿದು. ಹಳೆಯ ಪಟ್ಟಿಗಳನ್ನು ತೆಗೆದು ನೋಡಿದರೆ ಅಲ್ಲೂ ಅಂಥ ಹೆಸರುಗಳೆಲ್ಲ ಹಾಗೇ ಸ್ವಲ್ಪ ಸರಿದು ನಿಂತಿದ್ದವು. ಹತ್ತು ವರ್ಷ ಯಾರೂ ಅದನ್ನು ಗಮನಿಸಿರಲಿಲ್ಲ. ಉಳಿದ ಮೂವತ್ತಮೂರಕ್ಕೆ ನಾಲ್ಕು ದಿನ ಬೇಕು ಎಂದು ಬಾಸ್‌ಗೆ ಹೇಳಿ ಶನಿವಾರ ಮಧ್ಯಾಹ್ನ ಮನೆಗೆ ಹೋದೆ.

ಸೋಮವಾರ ಸುಮ್ಮನೆ ನೋಡಿಕೊಂಡು ಬರೋಣವೆಂದು ಆಸ್ಪತ್ರೆಗೆ ಹೊರಟೆ. ದಾರಿಯಲ್ಲಿ ಲಾರಿಯೊಂದು ಕೆಟ್ಟು ನಿಂತು ತಡವಾಯಿತು. ಒಳಗೆ ಕಾಲಿಡುವಾಗ ಕಾವಲುಗಾರ ಹಾಳೆ ಹಿಡಿದು ಕೂಗುತ್ತಿದ್ದ.

"ಎನ್. ಹೊನ್ನಮ್ಮ! ಎರಡನೇ ಸಲ ಕೂಗಾಕತ್ತೀನಿ, ಎನ್. ಹೊನ್ನಮ್ಮ!"

ಯಾರೂ ಏಳಲಿಲ್ಲ. ಗೋಡೆಯ ಮೇಲಿನ ಪಟ್ಟಿ ನೋಡಿದೆ. ಎನ್. ಹೊನ್ನಮ್ಮ. ಎನ್. ಸಿದ್ದಮ್ಮ. ಎನ್. ಕೆಂಪಮ್ಮ. ಎನ್. ಚಿಕ್ಕಣ್ಣ. ಸಾಲಾಗಿ, ಒಬ್ಬರೇ ಅಪ್ಪನ ಮಕ್ಕಳ ಹಾಗೆ. ಏನಾಗಿದೆಯೆಂದು ತಕ್ಷಣ ಹೊಳೆಯಿತು. ನಾನು ಮನೆಗೆ ಹೋದ ಮೇಲೆ ಬಾಸ್ ತಮ್ಮ ಬಣ್ಣದ ಟೂಲ್ ತೆರೆದು, ನಾಲ್ಕು ದಿನದ ಕೆಲಸವನ್ನು ಒಂದು ಏಟಿನಲ್ಲಿ ಮುಗಿಸಿದ್ದರು. ಇನಿಶಿಯಲ್ ಇಲ್ಲದ ಕಡೆಯೆಲ್ಲ ಎನ್ ಅಕ್ಷರ ತುಂಬಿಸಿದ್ದರು. ನಲ್ ಎಂಬುದರ ಎನ್. ಎಲ್ಲರ ಹೆಸರೂ ಬರುತ್ತದಲ್ಲ, ಇನ್ನೇನು ಬೇಕು ಎಂದು ಆಮೇಲೆ ನನ್ನನ್ನೇ ಕೇಳಿದರು. ಅವರ ಬುದ್ಧಿಗೆ, ಆ ಟೂಲಿಗೆ, ಅದನ್ನು ಅವರ ಕೈಯಲ್ಲಿ ಬಿಟ್ಟ ನಮ್ಮೆಲ್ಲರಿಗೂ ಥೂ ಎನ್ನಬೇಕೆನಿಸಿತು.

ಹೊನ್ನಮ್ಮ ಗೋಡೆಯ ಪಕ್ಕದ ಬೆಂಚಿನ ತುದಿಯಲ್ಲಿ ಕೂತಿದ್ದಳು. ಸ್ನಾನ ಮಾಡಿ, ತಲೆ ಬಾಚಿ, ಒಗೆದ ಸೀರೆ ಉಟ್ಟು ಬಂದಿದ್ದಳು. ಚೀಟಿ ಕೈಯಲ್ಲೇ ಇತ್ತು. ತನ್ನ ಹೆಸರು ಯಾವಾಗ ಬರುತ್ತದೆ ಎಂದು ಮೈಯೆಲ್ಲ ಕಿವಿಯಾಗಿ ಕೂತಿದ್ದಳು. ಕಾವಲುಗಾರ ಮೂರನೆಯ ಸಲಕ್ಕೆ ಬಾಯಿ ತೆರೆಯುವುದರೊಳಗೆ ನಾನು ಕೈಯೆತ್ತಿ ಅವನನ್ನು ನಿಲ್ಲಿಸಿ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತೆ.

"ಅಜ್ಜಿ, ಏಳಿ. ನಿಮ್ಮನ್ನೇ ಕರೀತಿರೋದು."

"ಅದು ಯಾರೋ ಎನ್ ಹೊನ್ನಮ್ಮ ಕಣವ್ವ" ಎಂದಳು. "ನಾನು ಬರೀ ಹೊನ್ನಮ್ಮ. ಅವಳು ಎಲ್ಲವ್ಳೋ ಪಾಪ, ಇನ್ನೊಂದು ಸಲ ಕೂಗಕ್ಕೆ ಹೇಳು."

ಅದು ನೀವೇ, ಕಂಪ್ಯೂಟರಿನಲ್ಲಿ ತಪ್ಪಾಗಿದೆ ಎಂದು ತೋಳು ಹಿಡಿದು ಎಬ್ಬಿಸಿದೆ. ಕಾವಲುಗಾರ ಚೀಟಿಯ ಸಂಖ್ಯೆ ಪಟ್ಟಿಗೆ ಹೋಲಿಸಿ, ಪೆನ್ನು ತೆಗೆದು ತನ್ನ ಹಾಳೆಯಲ್ಲಿ ಆ ಎನ್ ಅನ್ನು ಹೊಡೆದುಹಾಕಿದ. ನಾನು ಹೇಳಿದ್ದಕ್ಕಲ್ಲ, ಅವನಿಗೇ ಹಾಗನ್ನಿಸಿರಬೇಕು. ಉಳಿದವರನ್ನು ಬರೀ ಹೆಸರು ಹಿಡಿದು ಕೂಗಲು ಹೇಳಿದೆ. ಸಿದ್ದಮ್ಮ ಎಂದು ಕೂಗಿದ ಕೂಡಲೇ ಹಿಂದಿನ ಸಾಲಿನಿಂದ ಯಾರೋ ಓ ಎಂದರು.

ಶಸ್ತ್ರಚಿಕಿತ್ಸೆಯ ಕೋಣೆಯವರೆಗೆ ಹೊನ್ನಮ್ಮನನ್ನು ನಾನೇ ನಡೆಸಿಕೊಂಡು ಹೋದೆ. ಅವಳ ತಲೆಯಲ್ಲಿ ಆ ಅಕ್ಷರವೇ ಕೂತಿತ್ತು. ತನ್ನ ಅಪ್ಪನ ಹೆಸರು ಮರಿಯಪ್ಪ, ಗಂಡನ ಹೆಸರು ಕೆಂಚಯ್ಯ, ಊರು ಬಿಡದಿ ಹತ್ತಿರ ಎಂದು ಒಂದೊಂದಾಗಿ ಹೇಳಿ, ಯಾವುದರಲ್ಲೂ ಅದು ಇಲ್ಲವಲ್ಲ ಎಂದು ಲೆಕ್ಕ ಹಾಕುತ್ತಿದ್ದಳು. ಬಾಗಿಲ ಹತ್ತಿರ ನಿಂತುಬಿಟ್ಟಳು.

"ಎನ್ ಅಂದ್ರೆ ಏನವ್ವ?"

ನನಗೆ ಸುಳ್ಳು ಹೇಳಲಾಗಲಿಲ್ಲ. "ಏನೂ ಇಲ್ಲ ಅಂತ, ಅಜ್ಜಿ" ಎಂದೆ.

ಅವಳು ಬಲಗಣ್ಣನ್ನು ಕಿರಿದು ಮಾಡಿ ನನ್ನ ಮುಖ ಹುಡುಕಿದಳು.

"ಏನೂ ಇಲ್ಲ ಅಂದ್ರೆ ಬಿಡಬೇಕವ್ವ. ಅದನ್ನ ತಂದು ನನ್ನ ಹೆಸರಿಗೆ ಯಾಕೆ ಅಂಟಿಸಿದ್ರಿ?"